ಮೂರು ಸಲ ಆರಿಸಿದ ಅಕ್ಕಿ

ನನ್ನ ಅಕ್ಷರ ಚೆನ್ನಾಗಿಲ್ಲ. ಬಲಕ್ಕೆ ವಾಲುತ್ತದೆ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಕೆಳಗೆ ಇಳಿದಿರುತ್ತದೆ. ಮೊದಲು ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಆಮೇಲೆ ಪೆನ್ನಿನಲ್ಲಿ ಬರೆದಿದ್ದೇನೆ. ಹೈಸ್ಕೂಲನ್ನು ನಡುವೆಯೇ ಬಿಟ್ಟವಳಾದ್ದರಿಂದ ಮಾತುಗಳೂ ಒರಟಾಗಿ ಬಂದಿರಬಹುದು. ಓದುವವರು ದಯವಿಟ್ಟು ಕ್ಷಮಿಸಬೇಕು. ಶಾಲೆಯ ವರ್ಷಾಂತ್ಯದ ಪುಸ್ತಕಕ್ಕೆ ನಮ್ಮ ಬೀದಿಯ ಯಾರಾದರೂ ಒಬ್ಬರ ಬಗ್ಗೆ ಬರೆದುಕೊಡಿ ಎಂದು ಹೀಬ್ರೂ ಟೀಚರು ಎಲ್ಲ ಮನೆಗಳಿಗೂ ಹೇಳಿ ಕಳಿಸಿದ್ದರು. ಬೇರೆಯವರು ಡಾಕ್ಟರ ಬಗ್ಗೆ, ಧರ್ಮಗುರು ರಬ್ಬಿಯ ಬಗ್ಗೆ ಬರೆಯುತ್ತಾರೆ. ನಾನು ನನ್ನ ತಂದೆಯ ತಂಗಿ ಸರೀನಾ ಅತ್ತೆಯ ಬಗ್ಗೆ ಬರೆಯುತ್ತೇನೆ. ಅವರು ಒಪ್ಪಿದ್ದಾರೆ. "ಬರಿ, ಆದ್ರೆ ನನ್ನ ದಪ್ಪ ಮಾತ್ರ ಬರೀಬೇಡ" ಎಂದಿದ್ದಾರೆ. ಆದ್ದರಿಂದ ಅದನ್ನು ಬಿಟ್ಟಿದ್ದೇನೆ.

ಅತ್ತೆಯ ಮನೆ ನಮ್ಮ ಬಡಾವಣೆ ಫ್ಲೋರೆಸ್‌ನಲ್ಲಿ, ನಮ್ಮ ಮನೆಯ ಹಿಂದಿನ ಓಣಿಯಲ್ಲಿದೆ. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ಬಟ್ಟೆ ಒಣಗಿಸುವ ಬಯಲು ಮಹಡಿ. ಅಡುಗೆಮನೆಯ ಕಿಟಕಿ ಪೂರ್ವಕ್ಕಿದೆ. ಅದರ ಕೆಳಗೆ ಉದ್ದನೆಯ ಮರದ ಮೇಜು. ಅತ್ತೆಯ ಬದುಕಿನ ಮುಕ್ಕಾಲು ಭಾಗ ಆ ಮೇಜಿನ ಹತ್ತಿರವೇ ಕಳೆದಿದೆ. ಬೇರೆಯವರ ಮನೆಯ ಮದುವೆಗೆ, ಮಗುವಿನ ನಾಮಕರಣಕ್ಕೆ ಅವರು ಮಾಂಸದ ರೊಟ್ಟಿ ಮಾಡಿಕೊಡುತ್ತಾರೆ, ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿಕೊಡುತ್ತಾರೆ. ಎಲೆ ಸುತ್ತುವಾಗ ಅವರ ಬಾಯಿ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಕೋಳಿ ಮಾರುವವನನ್ನು ಬೈಯುತ್ತಾರೆ, ರೇಡಿಯೋದವನಿಗೆ ಎದುರುತ್ತರ ಕೊಡುತ್ತಾರೆ. ಅವರ ಮಾತಿಗೆ ನಗದೆ ಇರುವವರನ್ನು ನಾನು ಕಂಡಿಲ್ಲ.

ಸೆಲೀಮ್ ಮಾವ ಅವೆಯಾನೆಡಾ ಬೀದಿಯ ಒಂದು ಅಂಗಡಿಯಲ್ಲಿ ಅಂಗಿ ಮಾರುತ್ತಿದ್ದರು. ಬ್ಯಾಂಕುಗಳು ಜನರ ದುಡ್ಡನ್ನು ಹಿಡಿದಿಟ್ಟುಕೊಂಡ ಕಳೆದ ಬೇಸಿಗೆಯಲ್ಲಿ ಅಂಗಿ ಕೊಳ್ಳುವವರೇ ಇಲ್ಲದೆ ಅಂಗಡಿ ಮುಚ್ಚಿತು. ಆಮೇಲೆ ಮಾವ ಇನ್ನೊಬ್ಬರ ಹಳೆಯ ಕಾರನ್ನು ಬಾಡಿಗೆಗೆ ಓಡಿಸಲು ಶುರುಮಾಡಿದರು. ಕಾರು ಬೆಳಿಗ್ಗೆ ಹೊತ್ತು ತಾನಾಗಿ ಹೊರಡುತ್ತಿರಲಿಲ್ಲ. ಯಾರಾದರೂ ತಳ್ಳಬೇಕಿತ್ತು.

ಅವರಿಗೆ ಒಬ್ಬಳೇ ಮಗಳು, ಗ್ರಾಸಿಯಾ. ಮದುವೆಯಾಗಿ ತುಂಬ ವರ್ಷ ಕಾದ ಮೇಲೆ ಹುಟ್ಟಿದವಳು. ಈ ವರ್ಷ ಅವಳಿಗೆ ಆರು ತುಂಬಿ, ಒಂದನೇ ತರಗತಿಗೆ ಸೇರಬೇಕಿತ್ತು. ಸರ್ಕಾರಿ ಶಾಲೆ ನಮ್ಮ ಮೂಲೆಯಲ್ಲೇ ಇದೆ, ಅಲ್ಲಿ ಶುಲ್ಕವಿಲ್ಲ. ನಾನು ಓದಿದ್ದೂ ಅಲ್ಲೇ. ಆದರೆ ಅತ್ತೆ ಮಗಳನ್ನು ನಮ್ಮ ಯಹೂದಿ ಸಮುದಾಯದ ಶಾಲೆಗೇ ಸೇರಿಸಬೇಕೆಂದು ಹಟ ಹಿಡಿದಿದ್ದರು. ಆ ಶಾಲೆಯ ಶುಲ್ಕ ಮಾವನ ದುಡಿಮೆಗೆ ನಿಲುಕುವಂಥದ್ದಲ್ಲ.

"ಸರೀನಾ, ಹಟ ಯಾಕೆ?" ಎಂದು ನನ್ನ ತಂದೆ ಒಂದು ದಿನ ಕೇಳಿದರು. "ಮೂಲೆ ಶಾಲೇಲಿ ಲೆಕ್ಕ ಚೆನ್ನಾಗಿ ಹೇಳಿಕೊಡ್ತಾರೆ. ದೇವರ ವಿಷಯ ಮನೇಲಿ ನೀನೇ ಹೇಳಿಕೊಡು."

"ನಾನಾ?" ಎಂದರು ಅತ್ತೆ. "ನನಗೆ ಎಲ್ಲಿವರೆಗೆ ಬರುತ್ತೆ ಅಂತ ನಿನಗೇ ಗೊತ್ತಲ್ಲ ಅಣ್ಣ."

ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅತ್ತೆ ಚಿಕ್ಕವರಾಗಿದ್ದಾಗ ಅದೇ ಶಾಲೆಯಲ್ಲಿ ಓದುತ್ತಿದ್ದರು. ತಾತನ ಬಟ್ಟೆ ಗಾಡಿಯ ವ್ಯಾಪಾರ ಕೆಟ್ಟಾಗ ಇಬ್ಬರು ಮಕ್ಕಳಲ್ಲಿ ಒಬ್ಬರನ್ನು ಬಿಡಿಸಬೇಕಾಯಿತು, ಬಿಡಿಸಿದ್ದು ಹುಡುಗಿಯನ್ನು. ಅವರ ತರಗತಿ ಆಗ ಶುಕ್ರವಾರ ಸಂಜೆಯ ಪ್ರಾರ್ಥನೆಯನ್ನು ಓದಲು ಕಲಿಯುತ್ತಿತ್ತು, ಅರ್ಧದವರೆಗೆ ಬಂದಿತ್ತು. ಇವತ್ತಿಗೂ ಅತ್ತೆ ದೀಪ ಹಚ್ಚಿದ ಮೇಲೆ ಪ್ರಾರ್ಥನೆಯ ಪುಸ್ತಕ ತೆರೆದು ಬೆರಳಿಟ್ಟು ಗಟ್ಟಿಯಾಗಿ ಓದುತ್ತಾರೆ. ಒಂದು ಪುಟದ ಕೆಳಗೆ ಬೆರಳು ನಿಲ್ಲುತ್ತದೆ. ಅಲ್ಲಿಂದ ಮುಂದೆ ಅವರು ರಾಗ ಮಾತ್ರ ಗುನುಗುತ್ತಾರೆ. ಪುಟ ತಿರುಗಿಸುವುದಿಲ್ಲ.

"ಅವಳು ಆ ಪುಟ ತಿರುಗಿಸಬೇಕು, ಅಷ್ಟೇ" ಎಂದರು ಅತ್ತೆ. "ಆಮೇಲೆ ಅವಳು ಡಾಕ್ಟರಾಗಲಿ, ನನ್ನ ಹಾಗೆ ಎಲೆ ಸುತ್ತಲಿ, ನಾನು ಕೇಳಲ್ಲ."

ಶುಲ್ಕ ಕಡಿಮೆ ಮಾಡಿಸಿಕೊಳ್ಳಬೇಕಾದರೆ ಶಾಲೆಯ ಸಮಿತಿಯ ಮುಂದೆ ಹೋಗಬೇಕು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ವರ್ಷ ಹೋದವರು ಬಹಳ ಜನ ಇದ್ದಿರಬೇಕು. ಆದರೆ ಶಾಲೆಯ ಕಾರಿಡಾರಿನಲ್ಲಿ ಒಬ್ಬರಿಗೊಬ್ಬರು ಸಿಕ್ಕರೆ ಎಲ್ಲರೂ ಮಗುವಿನ ಕೋಟು ಮರೆತಿದ್ದಕ್ಕೆ ಬಂದವರಂತೆ ಮಾತಾಡುತ್ತಿದ್ದರು. ಅತ್ತೆಗೆ ಅಂಥ ಸಂಕೋಚವಿಲ್ಲ. ಮಾವನಿಗೆ ಇತ್ತು. ಅದಕ್ಕೆ ಮಾವ ಬರಲಿಲ್ಲ, ಅತ್ತೆ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ನಾನು ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತೆ.

ಸಮಿತಿಯಲ್ಲಿ ಇಬ್ಬರು ಗಂಡಸರು, ಒಬ್ಬ ಹೆಂಗಸು. ಆ ಹೆಂಗಸು ವಿಯೊಲೆಟಾ, ಗೌರವದಿಂದ ಎಲ್ಲರೂ ದೋನ್ಯಾ ವಿಯೊಲೆಟಾ ಎನ್ನುತ್ತಾರೆ. ಅವರ ಮನೆಯವರಿಗೆ ಬಟ್ಟೆ ಗಿರಣಿಯಿದೆ. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೇಳತೊಡಗಿದರು.

"ಮನೆ ಸ್ವಂತದ್ದಾ?"

"ಗೋಡೆ ಬಾಡಿಗೆದು ದೋನ್ಯಾ. ಗೋಡೆ ಒಳಗಿನ ತೇವ ಮಾತ್ರ ನಮ್ಮದು."

"ಬೇಸಿಗೆ ರಜಕ್ಕೆ ಎಲ್ಲಿಗೆ ಹೋಗಿದ್ರಿ?"

"ಮಹಡಿ ಮೇಲಕ್ಕೆ. ಗಾಳಿ ಚೆನ್ನಾಗಿತ್ತು."

ಇಬ್ಬರಲ್ಲಿ ತೆಳ್ಳಗಿದ್ದ ಗಂಡಸು ಮುಖ ಬಗ್ಗಿಸಿ ನಕ್ಕರು. ದೋನ್ಯಾ ವಿಯೊಲೆಟಾ ನಗಲಿಲ್ಲ. "ಕಾರು ಇದೆ ಅಂತ ಕೇಳಿದೀನಿ" ಎಂದರು.

"ಇದೆ. ಕಾರು ಇನ್ನೊಬ್ಬರದು, ಓಡಿಸೋದು ನಮ್ಮ ಯಜಮಾನ್ರು, ತಳ್ಳೋದು ನಾನು."

ಇನ್ನೊಬ್ಬ ಗಂಡಸು, ದಪ್ಪ ಮೀಸೆಯವರು, "ಅಮ್ಮಾ, ಮೂಲೆಯ ಸರ್ಕಾರಿ ಶಾಲೆಯೂ ಒಳ್ಳೇದೇ" ಎಂದರು. "ವಾರಕ್ಕೊಂದು ದಿನ ಮಗೂನ ಇಲ್ಲಿಗೆ ಕಳಿಸಿ, ಪ್ರಾರ್ಥನೆ ಕಲಿಸ್ತಾರೆ. ಅದಕ್ಕೆ ಏನೂ ಕೊಡಬೇಕಾಗಿಲ್ಲ."

"ವಾರಕ್ಕೊಂದು ದಿನ ಊಟ ಮಾಡಿ ಅಂದ್ರೆ ನೀವು ಮಾಡ್ತೀರಾ ಸ್ವಾಮಿ?" ಎಂದು ಕೇಳಿ, ಅತ್ತೆ ತಮ್ಮ ಪುಟದ ವಿಷಯವನ್ನು ಹೇಳಿದರು. ಹೇಳುವಾಗ ತಮಾಷೆ ಮಾಡಲಿಲ್ಲ. ಆಮೇಲೆ ದೋನ್ಯಾ ವಿಯೊಲೆಟಾ ಹೇಳಿದರು: "ಅರ್ಧ ಕಡಿಮೆ ಮಾಡ್ತೀವಿ. ಈ ವರ್ಷ ಅದಕ್ಕಿಂತ ಆಗಲ್ಲ, ಟೀಚರುಗಳಿಗೇ ಸಂಬಳ ತಡವಾಗಿ ಕೊಡ್ತಿದೀವಿ. ಉಳಿದರ್ಧದ ಮೊದಲ ಕಂತು ಪೆಸಾಹ್ ಹಬ್ಬದ ಮುಂಚೆ ಬರಬೇಕು. ಬರದಿದ್ರೆ ಹಬ್ಬ ಕಳೆದ ಮೇಲೆ ಆ ಜಾಗಾನ ಇನ್ನೊಂದು ಮಗುವಿಗೆ ಕೊಡಬೇಕಾಗುತ್ತೆ. ಕಾಯ್ತಾ ಇದಾರೆ."

ಹೊರಗೆ ಬಂದ ಮೇಲೆ ಅತ್ತೆ, "ನೋಡಿದ್ಯಾ, ಅರ್ಧ ಮಗಳು ಶಾಲೆಗೆ ಸೇರಿದಳು" ಎಂದರು. "ಇನ್ನರ್ಧಕ್ಕೆ ಏನಾದ್ರೂ ದಾರಿ ಹುಡುಕಬೇಕು."

ಬೇಸಿಗೆ ಮುಗಿದು, ಮಾರ್ಚಿನಲ್ಲಿ ತರಗತಿ ಶುರುವಾಯಿತು. ಪರಿಚಯದವರ ಮಗಳ ಹಳೆಯ ಸಮವಸ್ತ್ರದ ಅಂಚು ಬಿಚ್ಚಿ ಹೊಲಿದು ಗ್ರಾಸಿಯಾಳಿಗೆ ಹಾಕಿದರು. ಮದುವೆಗಳು ನಿಂತುಹೋಗಿದ್ದವು, ಎಲೆ ಸುತ್ತಿಸಿಕೊಳ್ಳುವವರು ಇರಲಿಲ್ಲ. ಆದರೆ ಹಬ್ಬ ಹತ್ತಿರ ಬರುತ್ತಿತ್ತು.

ಹಬ್ಬದ ಎಂಟು ದಿನ ನಮ್ಮ ಮನೆಗಳಲ್ಲಿ ಗೋಧಿಯ ಒಂದು ಚೂರೂ ಇರಬಾರದು. ಬ್ರೆಡ್ಡಿಲ್ಲ, ಬಿಸ್ಕತ್ತಿಲ್ಲ. ಅಲೆಪ್ಪೊ ಪಟ್ಟಣದಿಂದ ಬಂದ ನಮ್ಮವರು ಆ ದಿನಗಳಲ್ಲಿ ಅನ್ನ ಉಣ್ಣುತ್ತಾರೆ. ಅಕ್ಕಿಯೊಳಗೆ ಗೋಧಿಯ ಕಾಳು ಸೇರಿಕೊಂಡಿರಬಹುದೆಂದು ಹಬ್ಬಕ್ಕೆ ಮುಂಚೆಯೇ ಅಷ್ಟೂ ಅಕ್ಕಿಯನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಒಂದೊಂದೇ ಕಾಳು ನೋಡಿ ಆರಿಸಬೇಕು. ಒಂದು ಸಲವಲ್ಲ, ಮೂರು ಸಲ. ಆರಿಸುವಾಗ ಮಾತಾಡಬಾರದು, ಏನೂ ತಿನ್ನಬಾರದು, ಮಕ್ಕಳು ಹತ್ತಿರ ಸುಳಿಯಬಾರದು. ಗಮನ ತಪ್ಪಿದರೆ ಆ ಸುತ್ತನ್ನು ಮೊದಲಿಂದ ಶುರುಮಾಡಬೇಕು. ಹಿಂದೆ ಎಲ್ಲ ಮನೆಗಳಲ್ಲೂ ಹೆಂಗಸರು ಕೂತು ಮಾಡುತ್ತಿದ್ದರು. ಈಗ ಕೆಲವರಿಗೆ ಕೆಲಸವಿದೆ, ಕೆಲವರಿಗೆ ಕಣ್ಣು ಕಾಣುವುದಿಲ್ಲ, ಕೆಲವರಿಗೆ ಬೇಸರ.

ಅತ್ತೆ ಮನೆಮನೆಗೆ ಹೋಗಿ, "ನಿಮ್ಮ ಅಕ್ಕಿ ನನಗೆ ಕೊಡಿ, ಮೂರು ಸಲ ಆರಿಸಿ ಕೊಡ್ತೀನಿ" ಎಂದು ಹೇಳಿ ಬಂದರು. ಅಷ್ಟು ಮಾತಾಡುವ ಹೆಂಗಸು ಬಾಯಿ ಮುಚ್ಚಿ ಹೇಗೆ ಕೂರುತ್ತಾಳೆ ಎಂದು ಜನ ನಕ್ಕರು. ನಕ್ಕು ಅಕ್ಕಿ ಕೊಟ್ಟರು. ಎಲ್ಲರಿಗಿಂತ ಹೆಚ್ಚು ಕೊಟ್ಟವರು ದೋನ್ಯಾ ವಿಯೊಲೆಟಾ. ಅವರ ಮನೆಯದು, ಗಂಡುಮಕ್ಕಳ ಮನೆಗಳದು, ಎಲ್ಲ ಸೇರಿಸಿ ದೊಡ್ಡ ಚೀಲವನ್ನು ಡ್ರೈವರ್ ಕೈಲಿ ಕಳಿಸಿದ್ದರು.

ನಾನು ಶಾಲೆ ಬಿಟ್ಟು ಮನೆಯಲ್ಲಿದ್ದೆ. ತರಗತಿಯಲ್ಲಿ ಹೆಸರು ಕರೆದರೆ ನಾನು ತಲೆ ಬಗ್ಗಿಸಿ ಪುಸ್ತಕವನ್ನೇ ನೋಡುತ್ತಿದ್ದೆ. ಎಲ್ಲರೂ ಯಾಕೆ ಬಿಟ್ಟೆ ಎಂದು ಕೇಳುತ್ತಿದ್ದರು. ಅತ್ತೆ ಕೇಳಲಿಲ್ಲ. ಒಂದು ಬೆಳಿಗ್ಗೆ ನನ್ನ ಕೈಗೆ ಒಂದು ತಟ್ಟೆ ಕೊಟ್ಟು, "ಮಾತಾಡದೆ ಇರೋದಕ್ಕೆ ದುಡ್ಡು ಕೊಡೋ ಕೆಲಸ ಲೋಕದಲ್ಲಿ ಇದೊಂದೇ ಕಣೆ. ನಿನ್ನಂಥೋಳು ನನಗೆ ಎಲ್ಲಿ ಸಿಗ್ತಾಳೆ" ಎಂದರು.

ಅಕ್ಕಿಯ ಮುಂದೆ ಕೂತ ಅತ್ತೆ ಬೇರೆಯೇ ಹೆಂಗಸು. ತುಟಿ ಬಿಗಿದಿರುತ್ತಿತ್ತು. ಬೆರಳ ತುದಿಯಿಂದ ಕಾಳುಗಳನ್ನು ಎಡದಿಂದ ಬಲಕ್ಕೆ ತಳ್ಳುತ್ತಾ ಹೋಗುತ್ತಿದ್ದರು. ಕಿಟಕಿಯ ಬಿಸಿಲು ಮೇಜಿನಿಂದ ಇಳಿಯುವವರೆಗೆ ಮಾತ್ರ ಕೆಲಸ, ವಿದ್ಯುತ್ ದೀಪದಲ್ಲಿ ಆರಿಸುತ್ತಿರಲಿಲ್ಲ. ಒಂದು ಸುತ್ತು ಮುಗಿದ ಮೇಲೆ ಅಂಗಳಕ್ಕೆ ಹೋಗಿ ಇಬ್ಬರೂ ಮಾತೆ ಎಂಬ ಸೊಪ್ಪಿನ ಕಷಾಯ ಕುಡಿಯುತ್ತಿದ್ದೆವು. ಆಗ ಅತ್ತೆ ಅಷ್ಟು ಹೊತ್ತಿನಿಂದ ತಡೆದಿಟ್ಟಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಆಡಿ ಮುಗಿಸುತ್ತಿದ್ದರು. ಮತ್ತೆ ಕೈ ತೊಳೆದು ಒಳಗೆ. ಬಂದ ದುಡ್ಡನ್ನು ಸಕ್ಕರೆ ಡಬ್ಬಿಯಲ್ಲಿ ಇಡುತ್ತಿದ್ದರು. ಸಕ್ಕರೆ ಎಲ್ಲಿ ಇಡುತ್ತಿದ್ದರೋ ನನಗೆ ಗೊತ್ತಿಲ್ಲ. ಆ ದಿನಗಳಲ್ಲಿ ಅವರ ಮನೆಯಲ್ಲಿ ಚಹಾ ಸಪ್ಪೆಯಾಗಿಯೇ ಇರುತ್ತಿತ್ತು. ದೋನ್ಯಾ ವಿಯೊಲೆಟಾರ ಚೀಲವೂ, ಮೂಲೆಮನೆ ಫೋರ್ಟುನಾರ ಚೀಲವೂ ಒಂದೇ ದಿನ ಮುಗಿದವು. ಅವೆರಡರ ದುಡ್ಡು ಸೇರಿದಾಗ ಡಬ್ಬಿಯಲ್ಲಿ ಕಂತಿಗೆ ಸಾಕಾಗುವಷ್ಟು ಇತ್ತು. ಅದನ್ನು ಮಂಗಳವಾರ ಶಾಲೆಗೆ ಕೊಡುವುದೆಂದು ಅತ್ತೆ ನಿಶ್ಚಯಿಸಿದರು.

ಭಾನುವಾರ ಮಧ್ಯಾಹ್ನ ಊಟಕ್ಕೆ ನಾನೂ ಅಲ್ಲೇ ಇದ್ದೆ. ಮಾವ ಹೆಂಡತಿಯನ್ನು ಹೊಗಳುತ್ತಾ, "ನಿಮ್ಮಮ್ಮ ಇಡೀ ಫ್ಲೋರೆಸ್‌ನ ಅಕ್ಕಿ ಆರಿಸಿದಾಳೆ" ಎಂದು ಗ್ರಾಸಿಯಾಳಿಗೆ ಹೇಳಿದರು.

"ನಾನೂ ಆರಿಸಿದೀನಿ" ಎಂದಳು ಗ್ರಾಸಿಯಾ.

"ಆಯ್ತು, ನೀನೂ ಆರಿಸಿದೀಯ" ಎಂದರು ಮಾವ.

"ನಿಜ ಅಪ್ಪ. ನನಗೆ ಜ್ವರ ಬಂದಿತ್ತಲ್ಲ, ಆವತ್ತು. ದೊಡ್ಡ ಗುಡ್ಡದಲ್ಲೂ ಆರಿಸಿದೆ, ಸಣ್ಣ ಗುಡ್ಡದಲ್ಲೂ ಆರಿಸಿದೆ. ಮೂರು ಸಲ."

ಅತ್ತೆ ಕೈಯಲ್ಲಿದ್ದ ಚಮಚ ಕೆಳಗಿಟ್ಟರು. ಆ ದಿನ ನನಗೂ ನೆನಪಾಯಿತು. ಗ್ರಾಸಿಯಾ ನೆಗಡಿ ಜ್ವರದಿಂದ ಮನೆಯಲ್ಲೇ ಉಳಿದಿದ್ದಳು, ಒಳಗಿನ ಕೋಣೆಯಲ್ಲಿ ಮಲಗಿಸಿದ್ದರು. ಎರಡೂ ಚೀಲಗಳ ಮೂರನೆಯ ಸುತ್ತು ಮುಗಿದು ಅಕ್ಕಿ ಬಟ್ಟೆಯ ಮೇಲೆ ಎರಡು ರಾಶಿಯಾಗಿ ಕೂತಿತ್ತು. ಆಗಲೇ ಬೀದಿಯಿಂದ ಮಾವ ಕೂಗಿದ್ದರು. ಕಾರು ನಿಂತುಹೋಗಿತ್ತು, ಒಳಗೆ ಗಿರಾಕಿ ಕೂತಿದ್ದ. ಅತ್ತೆ ರಾಶಿಗಳ ಮೇಲೆ ಇನ್ನೊಂದು ಬಟ್ಟೆ ಹೊದಿಸಿ, ನನ್ನನ್ನು ಕರೆದುಕೊಂಡು ಓಡಿದರು. ಓಣಿಯ ತುದಿಯವರೆಗೆ ಇಬ್ಬರೂ ಏಪ್ರನ್ನಿನಲ್ಲೇ ಕಾರು ತಳ್ಳಿದೆವು. ವಾಪಸು ಬಂದು ಅಕ್ಕಿಯನ್ನು ಚೀಲಗಳಿಗೆ ತುಂಬಿ ಹೊಲಿದೆವು.

"ಬಾ ಮಗಳೇ ಇಲ್ಲಿ" ಎಂದರು ಅತ್ತೆ, ಮೆತ್ತಗೆ. "ಬಟ್ಟೆ ತೆಗೆದು ಆರಿಸಿದ್ಯಾ?"

"ಹೂಂ. ಮತ್ತೆ ಮುಚ್ಚಿದೆ. ಚೆನ್ನಾಗಿ ಮುಚ್ಚಿದೆ."

"ಆವಾಗ ಏನಾದ್ರೂ ತಿಂತಾ ಇದ್ಯಾ?"

"ಬಿಸ್ಕತ್ತು. ಜ್ವರ ಬಂದೋರಿಗೆ ಅಂತ ನೀನೇ ಕೊಟ್ಟಿದ್ದೆ."

"ಬಿಸ್ಕತ್ತು ಎಲ್ಲಿತ್ತು?"

"ಬಾಯಲ್ಲಿ."

"ಪೂರ್ತಿ ಬಾಯಲ್ಲಿತ್ತಾ?"

ಗ್ರಾಸಿಯಾ ಯೋಚಿಸಿದಳು. ಅವಳು ಸುಳ್ಳು ಹೇಳುವ ಮಗುವಲ್ಲ. "ಅರ್ಧ ಬಾಯಲ್ಲಿ, ಅರ್ಧ ಕೈಲಿ" ಎಂದಳು.

"ಯಾವ ಕೈ?"

"ಆರಿಸೋ ಕೈ."

ಮಾವ ಮೇಜಿನ ಮೇಲೆ ಎರಡೂ ಅಂಗೈ ಊರಿ ಕೂತರು. ಅತ್ತೆ ಮಗಳ ತಲೆ ಸವರಿ, "ಸಹಾಯ ಮಾಡೋಕೆ ಬಂದೆಯಲ್ಲ, ಒಳ್ಳೇದಾಯ್ತು. ಹೋಗು ಆಟ ಆಡು" ಎಂದು ಕಳಿಸಿದರು. ಆಮೇಲೆ ಎದ್ದು ಹೋಗಿ ಚಪ್ಪಲಿ ಹುಡುಕತೊಡಗಿದರು.

"ಎಲ್ಲಿಗೆ?" ಎಂದರು ಮಾವ.

"ಹೇಳಿ ಬರ್ತೀನಿ."

"ಸರೀನಾ, ಒಂದು ಚೂರು. ಅಷ್ಟು ಅಕ್ಕೀಲಿ ಒಂದು ಚೂರು ಬಿದ್ದಿದ್ರೂ ಬಿದ್ದಿರಬಹುದು, ಬೀಳದೇನೂ ಇರಬಹುದು. ರಬ್ಬಿನ ಕೇಳೋಣ. ಹಬ್ಬ ಇನ್ನೂ ಬಂದಿಲ್ಲ, ಅವರು ಪರವಾಗಿಲ್ಲ ಅಂತಾರೆ."

"ಅನ್ನಬಹುದು. ಆದ್ರೆ ಅವರು ನನಗೆ ದುಡ್ಡು ಕೊಟ್ಟದ್ದು ರಬ್ಬಿ ಪರವಾಗಿಲ್ಲ ಅನ್ನೋ ಅಕ್ಕಿಗಲ್ಲ. ಮೂರು ಸಲ ಆರಿಸಿ ಶುದ್ಧವಾಗಿಟ್ಟ ಅಕ್ಕಿಗೆ."

"ಮಂಗಳವಾರ ಕಂತು ಕಟ್ಟಬೇಕು. ಅದರಲ್ಲೂ ಆಯಮ್ಮನಿಗೇ ಹೇಳೋದಾ? ಸಮಿತೀಲಿ ಕೂತಿರೋದೇ ಅವರು."

ಅತ್ತೆ ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಮುಖ ಬಿಳಿಚಿತ್ತು. ಅವರು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಸೆಲೀಮ್," ಎಂದರು, "ಈ ದುಡ್ಡು ಕಟ್ಟಿ ಮಗಳಿಗೆ ಪ್ರಾರ್ಥನೆ ಓದೋಕೆ ಕಲಿಸಿದ್ರೆ, ಅವಳು ಪ್ರತಿ ಶುಕ್ರವಾರ ಓದುವಾಗ ನನಗೆ ಆ ಬಿಸ್ಕತ್ತೇ ಕಾಣುತ್ತೆ."

ಮಾವ ಎದ್ದರು. ಸಕ್ಕರೆ ಡಬ್ಬಿಯನ್ನು ತೆಗೆದು ಅವರೇ ಅತ್ತೆಯ ಕೈಗೆ ಕೊಟ್ಟರು.

ಮೊದಲು ಫೋರ್ಟುನಾರ ಮನೆಗೆ ಹೋದೆವು. ಆಕೆ ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡರು. "ನಮ್ಮ ಮನೆಯವರಿಗೆ ಏನು ಹೇಳಲಿ ಈಗ?" ಎಂದರು. "ನಾನೇ ಆರಿಸ್ತೀನಿ ಅಂದೆ, ಬೇಡ, ಸರೀನಾ ಕೈಲಿ ಮಾಡಿಸು, ಅವಳಿಗೂ ಆಗುತ್ತೆ ಅಂದ್ರು. ನೋಡು ಆದದ್ದು." ಅತ್ತೆ ಮತ್ತೆ ಆರಿಸಿಕೊಡುತ್ತೇನೆಂದರೂ ಆಕೆ ಒಪ್ಪಲಿಲ್ಲ. ದುಡ್ಡು ವಾಪಸು ತೆಗೆದುಕೊಂಡರು. "ಈ ವರ್ಷ ಆಲೂಗಡ್ಡೆ ತಿಂತೀವಿ, ಬಿಡು" ಎಂದು ಬಾಗಿಲು ಹಾಕಿಕೊಂಡರು. ಅವರದು ತಪ್ಪು ಎಂದು ಅತ್ತೆ ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ದೋನ್ಯಾ ವಿಯೊಲೆಟಾ ನಮ್ಮನ್ನು ಒಳಗೆ ಕರೆದು ಕೂರಿಸಿದರು. ಅತ್ತೆ ಕೂರಲಿಲ್ಲ. ಕಾರು ತಳ್ಳಿದ್ದರಿಂದ ಹಿಡಿದು ಆರಿಸುವ ಕೈಯವರೆಗೆ ಒಂದನ್ನೂ ಬಿಡದೆ ಹೇಳಿದರು.

"ಯಾರಿಗೆಲ್ಲ ಹೇಳಿದೀಯ?" ಎಂದು ದೋನ್ಯಾ ಕೇಳಿದರು.

"ಫೋರ್ಟುನಾಗೆ. ಆಮೇಲೆ ನಿಮಗೆ. ಅವತ್ತು ಮೇಜಿನ ಮೇಲೆ ನಿಮ್ಮಿಬ್ಬರದೇ ಇದ್ದದ್ದು."

"ಅವಳು ಏನಂದ್ಲು?"

"ದುಡ್ಡು ವಾಪಸ್ ತಗೊಂಡ್ರು."

"ಸರಿಯಾಗೇ ಮಾಡಿದ್ಲು" ಎಂದರು ದೋನ್ಯಾ. ಆಮೇಲೆ, "ನೀನು ಬಂದು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ" ಎಂದರು.

"ಅದಕ್ಕೇ ಬಂದೆ."

"ನಾಡಿದ್ದು ಕಂತಿನ ದಿನ. ನೆನಪಿದೆಯಾ?"

"ನೆನಪಿಲ್ಲದೆ ಬಂದಿದ್ರೆ ಸುಲಭ ಆಗ್ತಿತ್ತು ದೋನ್ಯಾ" ಎಂದರು ಅತ್ತೆ. "ನಿಮ್ಮ ಚೀಲ ಕೊಡಿ. ಮತ್ತೆ ಮೂರು ಸಲ ಆರಿಸಿ ತರ್ತೀನಿ. ಬೇಡ ಅಂದ್ರೆ ದುಡ್ಡು ಇಲ್ಲಿದೆ." ಡಬ್ಬಿಯನ್ನು ಮೇಜಿನ ಮೇಲಿಟ್ಟರು.

ದೋನ್ಯಾ ಡಬ್ಬಿಯನ್ನು ನೋಡಿದರು, ಮುಟ್ಟಲಿಲ್ಲ. "ಚೀಲ ನೀನು ಹೊರಬೇಡ. ನಾಳೆ ಬೆಳಿಗ್ಗೆ ಬರುತ್ತೆ" ಎಂದಷ್ಟೇ ಹೇಳಿದರು. ಅತ್ತೆ ಡಬ್ಬಿ ಎತ್ತಿಕೊಂಡು ಹೊರಟರು. ಅದು ಒಳ್ಳೆಯ ಮಾತೋ ಕೆಟ್ಟ ಮಾತೋ ದಾರಿಯುದ್ದಕ್ಕೂ ನಮಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಚೀಲ ಬಂತು. ಡ್ರೈವರ್ ಅದನ್ನು ಇಳಿಸಿ ಹೋದ. ಅವನ ಹಿಂದೆಯೇ ದೋನ್ಯಾ ವಿಯೊಲೆಟಾ ಒಳಗೆ ಬಂದರು, ಉಂಗುರಗಳನ್ನು ಬಿಚ್ಚಿ ಪರ್ಸಿಗೆ ಹಾಕಿಕೊಂಡರು, ಒಂದು ಹಳೆಯ ಏಪ್ರನ್ ಕಟ್ಟಿಕೊಂಡರು. "ಕೈ ಎಲ್ಲಿ ತೊಳೀಲಿ?" ಎಂದರು.

"ನೀವ್ಯಾಕೆ ದೋನ್ಯಾ?"

"ನಮ್ಮಮ್ಮ ಸತ್ತ ಮೇಲೆ ನಾನು ಅಕ್ಕಿ ಆರಿಸಿಲ್ಲ. ಬೆರಳಿಗೆ ಮರೆತಿದೆಯೋ ಏನೋ ನೋಡೋಣ. ತಟ್ಟೆ ಕೊಡು."

ಮೇಜನ್ನು ಉಜ್ಜಿ, ಒಗೆದ ಬಟ್ಟೆ ಹಾಸಿ, ಮೂವರೂ ಕೂತೆವು. ಗ್ರಾಸಿಯಾ ಶಾಲೆಗೆ ಹೋಗಿದ್ದಳು. ಮೊದಲ ಸುತ್ತಿನಲ್ಲಿ ಬಿಸ್ಕತ್ತಿನ ಒಂದು ಚೂರು ಸಿಕ್ಕಿತು. ಎರಡನೆಯ ಸುತ್ತಿನಲ್ಲಿ ದೋನ್ಯಾ ಕೈ ನಿಲ್ಲಿಸಿದರು. ಅವರ ಬೆರಳ ತುದಿಯಲ್ಲಿ ಗೋಧಿಯ ಒಂದು ಕಾಳಿತ್ತು. ಅದು ಗ್ರಾಸಿಯಾಳ ಬಿಸ್ಕತ್ತಿನದಲ್ಲ. ಅತ್ತೆ ಮತ್ತು ನಾನು ಮೂರು ಸಲ ನೋಡಿದ ಅಕ್ಕಿಯಲ್ಲಿ ನಮ್ಮ ಕಣ್ಣು ತಪ್ಪಿಸಿ ಉಳಿದುಕೊಂಡ ಕಾಳು.

ಅತ್ತೆ ಅದನ್ನೇ ನೋಡುತ್ತಾ ಕೂತರು. ಆಮೇಲೆ ಅಂಗಳಕ್ಕೆ ಹೋದಾಗ, ಅವರು ಒಂದು ತಮಾಷೆಯನ್ನೂ ಆಡದೆ, "ನನ್ನ ಕೈಯಲ್ಲೇ ಕೆಲಸ ಕೆಟ್ಟಿತ್ತು. ಮಗು ಮೇಲೆ ಹಾಕೋದರಲ್ಲಿ ಅರ್ಥ ಇಲ್ಲ" ಎಂದರು.

ದೋನ್ಯಾ ಮಾತೆಯನ್ನು ಒಂದು ಗುಟುಕು ಹೀರಿದರು. "ನಾಲ್ಕನೇ ಸಲ, ಐದನೇ ಸಲ ನೋಡ್ತಾ ಹೋದ್ರೆ ಏನಾದ್ರೂ ಸಿಗ್ತಾನೇ ಇರುತ್ತೆ ಸರೀನಾ. ನಮ್ಮ ಹಿರಿಯರಿಗೆ ಅದು ಗೊತ್ತಿತ್ತು. ಅದಕ್ಕೇ ಮೂರು ಸಾಕು ಅಂದ್ರು. ಮೂರು ಸಲ ಮನಸ್ಸಿಟ್ಟು ನೋಡು, ಮಿಕ್ಕಿದ್ದು ದೇವರದು. ನೀನು ಇಟ್ಟಿದ್ದೆ ತಾನೆ?"

"ಇಟ್ಟಿದ್ದೆ."

"ಹಾಗಾದ್ರೆ ಎದ್ದೇಳು. ನಿನ್ನ ಮಾತೆ ಬಹಳ ಸಪ್ಪೆ, ಇನ್ನೊಂದು ಬೇಡ ನನಗೆ."

"ಸಕ್ಕರೆ ಡಬ್ಬೀಲಿ ನಿಮ್ಮ ದುಡ್ಡಿದೆ ದೋನ್ಯಾ, ಜಾಗ ಎಲ್ಲಿ?" ಎಂದರು ಅತ್ತೆ. ಆಗ ಇಬ್ಬರೂ ನಕ್ಕರು. ದೋನ್ಯಾ ವಿಯೊಲೆಟಾ ನಗುವುದನ್ನು ನಾನು ಅದೇ ಮೊದಲು ನೋಡಿದ್ದು. ಬಿಸಿಲು ಮೇಜಿನಿಂದ ಇಳಿಯುವ ಹೊತ್ತಿಗೆ ಮೂರನೆಯ ಸುತ್ತೂ ಮುಗಿಯಿತು.

ಮಂಗಳವಾರ ಅತ್ತೆ ಶಾಲೆಗೆ ಹೋಗಿ ಡಬ್ಬಿಯಲ್ಲಿದ್ದಷ್ಟನ್ನು ಕೊಟ್ಟರು. ಕಂತಿಗೆ ಅದು ಸಾಲುತ್ತಿರಲಿಲ್ಲ. ಎಷ್ಟು ಕಡಿಮೆ, ಯಾಕೆ ಕಡಿಮೆ ಎಂದು ತಾವೇ ಹೇಳಿದರು. ಸಮಿತಿಯವರು ಆ ಸಂಜೆ ಸೇರಿ ಮಾತಾಡಿದರಂತೆ. ತೆಳ್ಳಗಿದ್ದವರು ಆಮೇಲೆ ಮಾವನ ಕಾರಿನಲ್ಲೇ ಮನೆಗೆ ಹೋಗುವಾಗ ಅದನ್ನು ಹೇಳಿದರು. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ಊಟಕ್ಕೆ ವರ್ಷವಿಡೀ ಅಕ್ಕಿ, ಬೇಳೆ, ಸೊಪ್ಪು ನೋಡಿ ಆರಿಸುವವರು ಬೇಕಾಗಿದ್ದರಂತೆ. ದೋನ್ಯಾ ವಿಯೊಲೆಟಾ ಅತ್ತೆಯ ಹೆಸರು ಹೇಳಿದಾಗ ಮೀಸೆಯವರು, "ಅಕ್ಕೀಲಿ ಬಿಸ್ಕತ್ತು ಬೀಳಿಸಿದ ಹೆಂಗಸಾ?" ಎಂದರಂತೆ.

"ಹೌದು" ಎಂದರಂತೆ ದೋನ್ಯಾ. "ಬಿದ್ದದ್ದನ್ನ ಬಂದು ಹೇಳಿದ ಹೆಂಗಸು. ಮಕ್ಕಳ ತಟ್ಟೆಗೆ ಹೋಗೋದನ್ನ ನೋಡೋಕೆ ನನಗೆ ಅಂಥವಳೇ ಬೇಕು."

ಆ ಕೆಲಸದ ಸಂಬಳ ಗ್ರಾಸಿಯಾಳ ಉಳಿದರ್ಧ ಶುಲ್ಕಕ್ಕೆ ಹೆಚ್ಚೂ ಕಡಿಮೆ ಸರಿಹೋಗುತ್ತದೆ. ಪೂರ್ತಿ ಮಾಫಿ ಮಾಡುತ್ತೇವೆ, ಸಂಬಳ ನೀವೇ ಇಟ್ಟುಕೊಳ್ಳಿ ಎಂದು ಅವರು ಒಂದು ಮಾತು ಹೇಳಿ ನೋಡಿದರಂತೆ. ಅತ್ತೆ ಒಪ್ಪಲಿಲ್ಲ. "ಕಾಯ್ತಿರೋ ಇನ್ನೊಂದು ಮಗು ಇದೆ ಅಂತ ನೀವೇ ಹೇಳಿದ್ರಲ್ಲ. ಅದಕ್ಕೆ ಮಾಡಿ" ಎಂದರು. ಆ ಮಗು ಯಾವುದೆಂದು ಅತ್ತೆಗೆ ಗೊತ್ತಿಲ್ಲ, ತಿಳಿದುಕೊಳ್ಳಲು ಹೋಗಲೂ ಇಲ್ಲ. ಹಬ್ಬ ಕಳೆದ ಮೇಲೆ ಒಂದನೇ ತರಗತಿಗೆ ಇನ್ನೊಂದು ಕುರ್ಚಿ ಹಾಕಿದ್ದಾರೆ ಎಂದು ಗ್ರಾಸಿಯಾ ಬಂದು ಹೇಳಿದಳು.

ಈಗ ವರ್ಷ ಮುಗಿಯುತ್ತಾ ಬಂದಿದೆ. ಅತ್ತೆ ದಿನವೂ ಬೆಳಿಗ್ಗೆ ಮಾವನ ಕಾರು ತಳ್ಳಿ, ಅದೇ ಕಾರಿನಲ್ಲಿ ಮಗಳ ಜೊತೆ ಶಾಲೆಗೆ ಹೋಗುತ್ತಾರೆ. ಕೈಗೆ ಬರುವುದು ಏನೂ ಇಲ್ಲವಾದ್ದರಿಂದ ಮನೆಯಲ್ಲಿ ಚಹಾ ಇನ್ನೂ ಸಪ್ಪೆಯೇ. ಶಾಲೆಯ ಅಡುಗೆಮನೆಯಲ್ಲಿ ಅವರು ಬಾಯಿ ಮುಚ್ಚಿಕೊಂಡಿರುತ್ತಾರೆ ಎಂದು ಅಲ್ಲಿಯವರು ಹೇಳಿದಾಗ ನಮ್ಮ ಓಣಿಯಲ್ಲಿ ಯಾರೂ ನಂಬಲಿಲ್ಲ.

ಹೋದ ಶುಕ್ರವಾರ ನಾನು ಅವರ ಮನೆಯಲ್ಲಿದ್ದೆ. ಅತ್ತೆ ದೀಪ ಹಚ್ಚಿ, ಪುಸ್ತಕ ತೆರೆದು, ಬೆರಳಿಟ್ಟು ಓದಿದರು. ಗ್ರಾಸಿಯಾ ಅವರ ಮಗ್ಗುಲಲ್ಲಿ ಕುರ್ಚಿಯ ಮೇಲೆ ಮಂಡಿಯೂರಿ ನಿಂತಿದ್ದಳು. ಆ ಪುಟದ ಕೆಳಗೆ ಬಂದು ಬೆರಳು ನಿಂತಿತು, ಅತ್ತೆ ಗುನುಗಲು ಶುರುಮಾಡಿದರು. ಗ್ರಾಸಿಯಾ ಪುಟ ತಿರುಗಿಸಿದಳು. ಒಂದೊಂದೇ ಅಕ್ಷರ ಹಿಡಿದು, ನಿಂತು ನಿಂತು, ಮೇಲಿನ ಒಂದು ಸಾಲನ್ನು ಓದಿದಳು. ಸರಿಯಾಗಿ ಓದಿದಳೋ ತಪ್ಪಾಗಿ ಓದಿದಳೋ ಅತ್ತೆಗೆ ತಿಳಿಯುವಂತಿರಲಿಲ್ಲ. ಅವರು ಮಾವನ ಮುಖ ನೋಡಿದರು. ಮಾವನಿಗೆ ಗೊತ್ತಾಗುತ್ತದೆ, ಅವರು ಗಂಡಸರ ಜೊತೆ ಪ್ರತಿ ವಾರ ಓದುತ್ತಾರೆ. ಮಾವ ತಲೆಯಾಡಿಸಿದರು.

"ಇನ್ನೊಂದು ಸಾಲು" ಎಂದರು ಅತ್ತೆ.

"ಅದು ನಮಗೆ ಇನ್ನೂ ಹೇಳಿಕೊಟ್ಟಿಲ್ಲ ಅಮ್ಮ" ಎಂದಳು ಗ್ರಾಸಿಯಾ.

"ಹಾಗಾದ್ರೆ ಬಾ, ಗುನುಗೋಣ" ಎಂದರು ಅತ್ತೆ. ಇಬ್ಬರೂ ಉಳಿದದ್ದನ್ನು ಗುನುಗಿದರು.

ಶಾಲೆಯ ಅಡುಗೆಮನೆಯಲ್ಲಿ ಇನ್ನೊಬ್ಬರು ಬೇಕೆಂದು ಅತ್ತೆ ನನ್ನ ಹೆಸರು ಹೇಳಿದ್ದಾರೆ. ಈ ಕಾಗದವನ್ನು ಹೀಬ್ರೂ ಟೀಚರಿಗೆ ಕೊಟ್ಟು, ಸೋಮವಾರದಿಂದ ನಾನೂ ಅವರ ಜೊತೆ ಹೋಗಿ ಬೇಳೆ ಆರಿಸುತ್ತೇನೆ.